ಹೊಳವು ಸಿಕ್ಕರೆ ಸಾಲದು, ದೋಟಿಯೂ ಬೇಕು

ಪುಕ್ಕಟೆ ಸಿಗುವ ಮಳೆ ಮುನ್ಸೂಚನೆಯನ್ನು ನಿಮ್ಮ ಅಡಿಕೆ ತೋಟಿಗರು ಯಾಕೆ ಬಳಸುವುದಿಲ್ಲ ಎಂದು ಮೊನ್ನೆ ಒಬ್ಬ ಹುಡುಗ ಕೇಳಿದ. ಯಾವುದೋ ಅಧ್ಯಯನಕ್ಕೆ ಪ್ರಶ್ನೆಪಟ್ಟಿ ಹಿಡಿದು ಶಿರಸಿಗೆ ಬಂದವ. ಡಿಜಿಟಲ್ ಕೌಶಲ್ಯದ ಕೊರತೆಯೇ ಕಾರಣ ಎಂದು ಉತ್ತರವನ್ನೂ ಅವನೇ ಅರ್ಧ ತುಂಬಿಕೊಂಡಂತಿತ್ತು. ನಾನು ಸೇವಾ ಸಹಕಾರಿ ಸಂಘದ ಕೌಂಟರಿನಲ್ಲಿ ಕೂರುವವಳು. ಮೈಲುತುತ್ತ, ಸುಣ್ಣ, ಗೊಬ್ಬರದ ಬಿಲ್ಲು, ಬೆಳೆಸಾಲ, ಬೆಳೆವಿಮೆ ಎಲ್ಲವೂ ನನ್ನ ಮೇಜಿನ ಮೇಲೆಯೇ ಹಾಯಬೇಕು. ಅವತ್ತು ಸಾಲಿನಲ್ಲಿ ಜನ ನಿಂತಿದ್ದರು, ಉತ್ತರ ಹೇಳಲು ಪುರಸೊತ್ತಾಗಲಿಲ್ಲ. ಇಲ್ಲಿ ಹೇಳುತ್ತೇನೆ, ಅವನು ಓದಿದರೆ ಓದಲಿ.

ಮೊದಲು ಕೆಲಸ ಏನೆಂದು ಗೊತ್ತಿರಬೇಕು. ಕೊಳೆರೋಗ ಬಾರದಂತೆ ಅಡಿಕೆ ಕೊನೆಗಳಿಗೆ, ಅಂದರೆ ಗೊಂಚಲುಗಳಿಗೆ, ಬೋರ್ಡೋ ಎಂಬ ಮದ್ದು ಹೊಡೆಯಬೇಕು. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ಎರಡನ್ನೂ ಬೇರೆ ಬೇರೆ ಕದಡಿ ಕೂಡಿಸಿದರೆ ನೂರು ಲೀಟರ್ ಮದ್ದು. ಕತ್ತಿಯ ಬಾಯಿ ಅದ್ದಿ ತೆಗೆದಾಗ ಅದು ತಾಮ್ರದ ಬಣ್ಣಕ್ಕೆ ತಿರುಗಿದ್ದರೆ ಸುಣ್ಣ ಸಾಲದು ಎಂದು ಲೆಕ್ಕ. ಮೊದಲನೆಯ ಮದ್ದು ಮಳೆ ಹಿಡಿಯುವುದರೊಳಗೆ, ಎರಡನೆಯದು 40-45 ದಿನ ಬಿಟ್ಟು. ಈ ಎರಡನೆಯದೇ ತಲೆನೋವಿನದು. ಆಗ ಜುಲೈ, ಮಳೆ ಜಡಿಯುತ್ತಿರುತ್ತದೆ. ಮದ್ದು ಕೊನೆಗೆ ಹಿಡಿದು ಒಣಗುವಷ್ಟು ಹೊತ್ತಾದರೂ ಹೊಳವಾಗಬೇಕು, ಅಂದರೆ ಮಳೆ ಬಿಡಬೇಕು.

ಈ ಬೋರ್ಡೋ ಕೂಡ ಒಂದು ಕಾಲದ ಹೊಸ ತಂತ್ರಜ್ಞಾನವೇ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನು ಹತ್ತಿ, 1910ರಲ್ಲಿ ಅದರ ಬಗ್ಗೆ ವರದಿ ಪ್ರಕಟಿಸಿದರು. ಅದಕ್ಕೂ ಹಿಂದೆ ನಮ್ಮವರು ಕೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಫ್ರಾನ್ಸಿನ ದ್ರಾಕ್ಷಿತೋಟದ ಮದ್ದು ಅಡಿಕೆ ಮರದ ತುದಿ ಮುಟ್ಟಿತು ಎಂದರೆ, ಆ ತುದಿಗೆ ಹತ್ತುವ ಜನ ಆಗ ಊರೂರಲ್ಲಿ ಇದ್ದರು ಎಂಬುದನ್ನು ಮರೆಯಬಾರದು.

ಈಗ ಇಲ್ಲದಿರುವುದು ಮರ ಹತ್ತುವ ಆ ಕೊನೆಗೌಡರೇ. ಕೊನೆಗೌಡರ ಮಕ್ಕಳು ಮರ ಹತ್ತುತ್ತಿಲ್ಲ. ಯಾಕೆ ಹತ್ತಬೇಕು? ಜಾರುವ ಮರ, ಜೀವದ ಭಯ, ಮಳೆಗಾಲ ಮುಗಿದರೆ ಕೊನೆಕೊಯ್ಲಿನ ತನಕ ಬಿಡುವು. ಉಳಿದಿರುವ ಒಬ್ಬಿಬ್ಬರ ಹಿಂದೆ ಇಡೀ ಊರು ಸರದಿ ನಿಂತಿದೆ. ಗುರುವಾರ ಹೊಳವಾಗುತ್ತದೆ ಎಂದು ಫೋನು ಹೇಳುತ್ತದೆ. ಗೌಡ ಮುಂದಿನ ಬುಧವಾರ ಬರುತ್ತೇನೆ ಎನ್ನುತ್ತಾನೆ. "ಹೊಳವು ಯಾವಾಗ ಹೇಳಿ ಗೊತ್ತಿದ್ದು ತಂಗಿ, ಗೌಡ ಬತ್ನಿಲ್ಲೆ. ಎಂತ ಮಾಡ್ಲಿ?" ಎಂದು ಹಿರಿಯರೊಬ್ಬರು ಕೌಂಟರಿಗೆ ಮೊಣಕೈ ಊರಿ ಕೇಳಿದ್ದರು. ಆ ಮುನ್ಸೂಚನೆ ಅವರ ಮಟ್ಟಿಗೆ ಪುಕ್ಕಟೆಯೂ ಹೌದು, ಸೊನ್ನೆ ಬೆಲೆಯದೂ ಹೌದು.

ಮಾಹಿತಿ ಸಿಕ್ಕರೆ ಸಾಕು, ಬಡವರ ಬಾಳು ಬೆಳಗುತ್ತದೆ ಎನ್ನುವವರು ಕೇರಳದ ಮೀನುಗಾರರ ಉದಾಹರಣೆ ಕೊಡುತ್ತಾರೆ. ಒಳ್ಳೆಯ ಉದಾಹರಣೆಯೇ. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಅದು. 1997ರಿಂದ 2001ರ ನಡುವೆ ಕೋಝಿಕ್ಕೋಡ್, ಕಣ್ಣೂರು, ನಮ್ಮ ಕಾಸರಗೋಡು ಕರಾವಳಿಗೆ ಒಂದೊಂದಾಗಿ ಮೊಬೈಲ್ ಬಂತು. ಅದಕ್ಕೆ ಮೊದಲು ಒಂದು ದಂಡೆಯಲ್ಲಿ ಕೊಳ್ಳುವವರಿಲ್ಲದೆ ಬೂತಾಯಿಯನ್ನು ಚೆಲ್ಲುತ್ತಿದ್ದರೆ, ಕೆಲವೇ ಕಿಲೋಮೀಟರ್ ಆಚೆಯ ದಂಡೆಯಲ್ಲಿ ಮೀನಿಲ್ಲದೆ ವ್ಯಾಪಾರಿ ಬರಿಗೈಲಿ ಹೋಗುತ್ತಿದ್ದ. ಹಿಡಿದದ್ದರಲ್ಲಿ ಶೇ 5ರಿಂದ 8ರಷ್ಟು ಹೀಗೆ ಪೋಲಾಗುತ್ತಿತ್ತು. ಮೊಬೈಲ್ ಬಂದ ಮೇಲೆ ಆ ಪೋಲು ಹೆಚ್ಚುಕಡಿಮೆ ನಿಂತಿತು, ಮೀನುಗಾರರ ಲಾಭ ಶೇ 8ರಷ್ಟು ಏರಿತು, ಕೊಳ್ಳುವವರಿಗೆ ಬೆಲೆ ಶೇ 4ರಷ್ಟು ಇಳಿಯಿತು. ಆದರೆ ಈ ಕತೆ ಹೇಳುವವರು ದೋಣಿಯನ್ನು ಬಿಟ್ಟು ಹೇಳುತ್ತಾರೆ. ಇನ್ನೊಂದು ದಂಡೆಯಲ್ಲಿ ಬೆಲೆ ಇದೆ ಎಂದು ಗೊತ್ತಾದ ಗಳಿಗೆಯಲ್ಲೇ ಅತ್ತ ತಿರುಗಿಸಲು ಅವರ ಕೈಯಲ್ಲಿ ಎಂಜಿನ್ ದೋಣಿ ಮೊದಲೇ ಇತ್ತು. ಕೊರತೆಯಿದ್ದದ್ದು ಸುದ್ದಿಯೊಂದೇ. ನಮ್ಮಲ್ಲಿ ಸುದ್ದಿ ಬಂದು ಕೂತಿತ್ತು, ದೋಣಿ ಇರಲಿಲ್ಲ.

ಸುದ್ದಿಗೇನೂ ಬರವಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ದೇಶದಲ್ಲೇ ಮೊದಲ ಬರ ನಿಗಾ ಘಟಕ ಶುರುವಾದದ್ದು ಕರ್ನಾಟಕದಲ್ಲಿ, 1988ರಲ್ಲಿ. ಅದೇ ಇಂದಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ ಆರು ಸಾವಿರಕ್ಕೂ ಮಿಕ್ಕಿ ಮಳೆಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಆ್ಯಪ್ ಬೇಡವಾದವರು ವರುಣಮಿತ್ರ ಸಹಾಯವಾಣಿಗೆ ಫೋನು ಮಾಡಿ ಕನ್ನಡದಲ್ಲೇ ಕೇಳಬಹುದು. 2019ರಲ್ಲಿ ಬಂದ ಮೇಘದೂತ್ ಆ್ಯಪಿನಲ್ಲಿ ಮಂಗಳವಾರ, ಶುಕ್ರವಾರ ಕೃಷಿ ಸಲಹೆ ಬರುತ್ತದೆ.

ತೊಡಕು ಎಲ್ಲಿದೆಯೆಂದರೆ, ಎಚ್ಚರಿಕೆಗಳೆಲ್ಲ ಮಳೆ ಎಷ್ಟು ಜೋರು ಎಂಬುದರ ಬಗ್ಗೆ. ತೋಟಿಗನಿಗೆ ಬೇಕಾದದ್ದು ಮಳೆ ಎಷ್ಟು ಹೊತ್ತು ಬಿಡುತ್ತದೆ ಎಂಬುದು. ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6 ಆದರೆ ಅತಿ ಭಾರಿ. ಪ್ರವಾಹಕ್ಕೆ, ಗುಡ್ಡ ಕುಸಿತಕ್ಕೆ ಆ ಅಳತೆ ಸರಿ. ಆರೆಂಜ್ ಅಲರ್ಟ್ ಎಂದರೆ ನಮ್ಮೂರ ಮಕ್ಕಳಿಗೆ ಶಾಲೆ ರಜೆ, ದೊಡ್ಡವರಿಗೆ ಏನೂ ಅಲ್ಲ. ಅದರ ಮೇಲೆ 'ಕೆಲವೆಡೆ', 'ಹಲವೆಡೆ' ಎಂಬ ಮಾತು ಬೇರೆ. ಶಿರಸಿ ತಾಲೂಕು ಒಂದೇ ಆದರೂ ಘಟ್ಟದಂಚಿನ ಊರಿಗೂ ಬನವಾಸಿ ಕಡೆಗೂ ಮಳೆಯಲ್ಲಿ ಅಜಗಜಾಂತರ.

ಹೀಗಿದ್ದದ್ದು ಬದಲಾದದ್ದು ಆ್ಯಪಿನಿಂದಲ್ಲ, ಕಾರ್ಬನ್ ಫೈಬರ್ ದೋಟಿಯಿಂದ. ಹಗುರವಾದ ಉದ್ದನೆಯ ಕೋಲು, ತುದಿಗೆ ನಾಜಲ್, ಕೆಳಗೆ ಪಂಪು. ನೆಲದಲ್ಲೇ ನಿಂತು ಕತ್ತೆತ್ತಿ ಹೊಡೆಯುವುದು. ಅಭ್ಯಾಸವಾಗುವ ತನಕ ಕುತ್ತಿಗೆಯೂ ಭುಜವೂ ಮಾತಾಡಿಸುತ್ತವೆ, ಮರ ತೀರಾ ಎತ್ತರವಾದರೆ ಮದ್ದು ಸರಿಯಾಗಿ ಕೂರುವುದೂ ಇಲ್ಲ. ಆದರೂ ದೋಟಿ ಬಂದ ಮನೆಗಳಲ್ಲಿ ಒಂದು ವಿಚಿತ್ರ ಕಂಡೆ. ಮುನ್ಸೂಚನೆ ಎಂದರೆ ಮೂಗು ಮುರಿಯುತ್ತಿದ್ದವರೇ "ನಾಳೆ ಮಧ್ಯಾಹ್ನದ ಮೇಲೆ ಹೇಗಂತೆ?" ಎಂದು ಕೇಳತೊಡಗಿದರು. ಅದೇ ಜನ, ಅದೇ ಫೋನು. ಸಿಕ್ಕ ಹೊಳವನ್ನು ಆ ಹೊತ್ತಿಗೇ ಹಿಡಿಯುವ ಉಪಕರಣ ಕೈಗೆ ಬಂದದ್ದೊಂದೇ ಹೊಸತು.

ಅಮೆರಿಕದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹಬ್ಬಿದ್ದರ ಬಗ್ಗೆ ಅರ್ಥಶಾಸ್ತ್ರಜ್ಞ ಝ್ವಿ ಗ್ರಿಲಿಕೆಸ್ 1957ರಲ್ಲಿ ಬರೆದದ್ದೂ ಇದೇ ಜಾತಿಯ ಮಾತು. ಐಯೊವಾದ ರೈತರು ಬೇಗ ಒಪ್ಪಿಕೊಂಡರು, ಅಲಬಾಮಾದವರು ತಡವಾಗಿ. ಅಲಬಾಮಾದವರು ದಡ್ಡರೆಂದಲ್ಲ. ಅವರ ಮಣ್ಣಿಗೆ ಹೊಂದುವ ಬೀಜ ಅಲ್ಲಿಗೆ ತಲುಪಿದ್ದೇ ತಡವಾಗಿ, ಬರುವ ಲಾಭವೂ ಕಡಿಮೆ. ಪ್ರಶ್ನೆಪಟ್ಟಿಯ ಹುಡುಗನಿಗೆ ಇದು ಗೊತ್ತಿರಬಹುದು, ಪಾಠದಲ್ಲಿ ಇರುತ್ತದೆ.

ಇನ್ನು ಅವನು ಹೇಳಿದ ಕೌಶಲ್ಯದ ಕೊರತೆಯ ವಿಚಾರ. ಕೌಶಲ್ಯ ಇಲ್ಲವೆಂದಲ್ಲ, ಅದು ಇರುವ ಜಾಗ ಬೇರೆ. ಎಷ್ಟೋ ಮನೆಗಳಲ್ಲಿ ಮೋಡದ ನಕ್ಷೆ ನೋಡುವವನು ಬೆಂಗಳೂರಿನಲ್ಲಿರುವ ಮಗ. ಆಫೀಸಿನಲ್ಲಿ ಕೂತು ವಿಂಡಿ ಎಂಬ ಹವಾಮಾನದ ಆ್ಯಪ್ ತೆರೆದು "ಅಪ್ಪಾ, ಮೂರು ಗಂಟೆ ಮಳೆ ಇಲ್ಲ, ಶುರು ಮಾಡಿ" ಎಂದು ಫೋನು ಮಾಡುತ್ತಾನೆ. ಮಗ ಇಲ್ಲದ ಮನೆಯಲ್ಲಿ ಸೊಸೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಹೆಂಗಸರು ದೇಶದಲ್ಲಿ ಮೂರರಲ್ಲಿ ಒಂದು ಪಾಲು. ನಮ್ಮ ಕಡೆ ಆ ಒಂದು ಪಾಲಿನವರೇ ಬೆಳೆ ಸಮೀಕ್ಷೆಯ ಫೋಟೋ ತೆಗೆಯುವವರು, ಓಟಿಪಿ ಹೇಳುವವರು. ಸಂಘದ ಸದಸ್ಯರ ಪಟ್ಟಿಯಲ್ಲಿ ಮಾತ್ರ ಮಾವನ ಹೆಸರು, ತರಬೇತಿಯ ಆಹ್ವಾನ ಹೋಗುವುದೂ ಮಾವನಿಗೇ.

ಹಿರಿಯರು ಕಲಿಯಲಾರರು ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಹವಾಮಾನ ಆಧಾರಿತ ಬೆಳೆವಿಮೆಯಲ್ಲಿ ಅಡಿಕೆಗೆ ನಮ್ಮ ಜಿಲ್ಲೆಯಲ್ಲಿ ಹೆಕ್ಟೇರಿಗೆ 1,28,000 ರೂಪಾಯಿ ವಿಮೆ, ರೈತನ ಕಂತು ಅದರ ಶೇ 5, ಅಂದರೆ 6,400. ಪರಿಹಾರಕ್ಕೆ ಯಾರೂ ತೋಟಕ್ಕೆ ಬಂದು ಉದುರಿದ ಅಡಿಕೆ ಎಣಿಸುವುದಿಲ್ಲ. ಪಂಚಾಯಿತಿಯ ಮಳೆ ಲೆಕ್ಕವೇ ತೀರ್ಪು. ಇದು ತಿಳಿದ ಮೇಲೆ ಫೋನು ಎಂದರೆ ಕರೆಗೆ ಮಾತ್ರ ಎನ್ನುತ್ತಿದ್ದವರೂ ತಮ್ಮ ಪಂಚಾಯಿತಿಯ ಮಿಲಿಮೀಟರ್ ಹುಡುಕಿ ಓದುವುದನ್ನು ಕಲಿತರು. ಅಂಗಳದಲ್ಲಿ ಸ್ವಂತ ಮಳೆಮಾಪಕ ಇಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆಯುವವರು ನಮ್ಮಲ್ಲಿ ಮೊದಲಿಂದ ಇದ್ದಾರೆ. ಅವರ ಪುಸ್ತಕಕ್ಕೆ ವಿಮೆಯಲ್ಲಿ ಬೆಲೆಯಿಲ್ಲ. ಆದರೆ ಎರಡು ಲೆಕ್ಕ ತಾಳೆಯಾಗದ ದಿನ ಮಳೆಗಾಲದಲ್ಲೇ ಅರ್ಜಿ ಕೊಡುವವರು ಅವರೇ, ಪರಿಹಾರ ಬಂದ ಮೇಲೆ ಕೂಗುವವರಲ್ಲ. ಕಲಿಸಲು ಯಾವ ಶಿಬಿರವೂ ಇರಲಿಲ್ಲ, ದುಡ್ಡಿತ್ತು.

ಸಂಘದಿಂದಲೇ ದೋಟಿ ಕೊಂಡು ಬಾಡಿಗೆಗೆ ಕೊಡೋಣ ಎಂಬ ಪ್ರಸ್ತಾಪ ಈಗ ಬಂದಿದೆ. ಅದರ ಬೆಲೆ ಎರಡೆಕರೆಯವನ ಕೈಗೆ ಎಟುಕುವಂಥದ್ದಲ್ಲ, ಹಾಗಾಗಿ ಬೇಡ ಎಂದವರು ಯಾರೂ ಇಲ್ಲ. ಮುರಿದರೆ ಯಾರು ಕೊಡಬೇಕು ಎಂಬುದು ಅರ್ಧ ಬಗೆಹರಿದಿದೆ. ಬಾಡಿಗೆ ದಿನಕ್ಕೋ ಗಂಟೆಗೋ ಎಂಬಲ್ಲಿ ಸಭೆ ನಿಂತಿತು. ದಿನಕ್ಕೆ ಎಂದರೆ ಲೆಕ್ಕ ಸುಲಭ ಎಂದರು ಅಧ್ಯಕ್ಷರು. ನಾನು ಗಂಟೆಗೇ ಇರಲಿ ಎಂದೆ. ದಿನದ ಬಾಡಿಗೆ ಕೊಟ್ಟವನು ತನ್ನ ತೋಟ ಮುಗಿದ ಮೇಲೂ ಅದನ್ನು ಜಗುಲಿಗೆ ಒರಗಿಸಿ ಇಟ್ಟುಕೊಳ್ಳುತ್ತಾನೆ, ಅಷ್ಟರಲ್ಲಿ ಪಕ್ಕದ ತೋಟದವನ ಹೊಳವು ಮುಗಿದಿರುತ್ತದೆ. ಮುಂದಿನ ಸಭೆ ಮೇ ತಿಂಗಳಲ್ಲಿ. ಅಷ್ಟರೊಳಗೆ ದರಪಟ್ಟಿ ತರಿಸಲು ನನಗೇ ಹೇಳಿದ್ದಾರೆ.