ಗೋಕರ್ಣದಿಂದ ಕಾಪುವರೆಗೆ: ಕಾರಿಲ್ಲದೆ ಕಡಲು ನೋಡುವವರಿಗೆ

ಕರಾವಳಿಗೆ ಹೊರಟವರಲ್ಲಿ ಹೆಚ್ಚಿನವರು ಶನಿವಾರ, ಭಾನುವಾರದೊಳಗೆ ಕಾರವಾರದಿಂದ ಮಂಗಳೂರುವರೆಗಿನ ಬೀಚ್‌ಗಳನ್ನೆಲ್ಲ ಮುಗಿಸುವ ಲೆಕ್ಕ ಹಾಕುತ್ತಾರೆ. ಹಾಗೆ ಹೋದರೆ ನೋಡಸಿಗುವುದು ಹೆದ್ದಾರಿಯೇ. ಗೋಕರ್ಣದಲ್ಲಿ ಒಂದೆರಡು ರಾತ್ರಿ, ಉಡುಪಿಯಲ್ಲಿ ಒಂದು ರಾತ್ರಿ ಉಳಿದು, ನಡುವಿನದ್ದನ್ನು ಬಸ್ಸು, ರೈಲಿನಲ್ಲಿ ನೋಡಿ. ನಾವು ಮನೆಯವರೆಲ್ಲ ಹಾಗೇ ಹೋಗಿಬಂದೆವು, ಯಾರಿಗೂ ಆಯಾಸ ಅನ್ನಿಸಲಿಲ್ಲ.

ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಿಗ್ಗೆ ಗೋಕರ್ಣ ರೋಡ್ ನಿಲ್ದಾಣಕ್ಕೆ ಬಿಡುತ್ತದೆ. ಊರು ಅಲ್ಲಿಂದ ಸುಮಾರು 10 ಕಿ.ಮೀ., ಆಟೊ ಸಿಗುತ್ತದೆ. ವಾರಾಂತ್ಯದ ಬರ್ತ್‌ಗಳು ಬೇಗ ತುಂಬುತ್ತವೆ. ಸಿಗದಿದ್ದರೆ ಕುಮಟಾ ಅಥವಾ ಅಂಕೋಲಾ ಬಸ್ಸು ಹಿಡಿಯಿರಿ, ಎರಡೂ ಕಡೆಯಿಂದ ಗೋಕರ್ಣಕ್ಕೆ ಸಾರಿಗೆ ಬಸ್ಸುಗಳಿವೆ.

ಗೋಕರ್ಣದ ಸೊಗಸೆಲ್ಲ ನಡೆಯುವುದರಲ್ಲಿದೆ. ದೇವಸ್ಥಾನದ ಎದುರಿನ ದೊಡ್ಡ ಬೀಚಿನಿಂದ ದಕ್ಷಿಣಕ್ಕೆ ಗುಡ್ಡ ಹತ್ತಿ ಇಳಿದರೆ ಕುಡ್ಲೆ, ಇನ್ನೊಂದು ಗುಡ್ಡ ದಾಟಿದರೆ ಓಂ ಬೀಚ್, ಆಮೇಲೆ ಹಾಫ್ ಮೂನ್, ಕೊನೆಗೆ ಪ್ಯಾರಡೈಸ್. ಓಂ ಬೀಚಿನವರೆಗೆ ಆಟೊ ಬರುತ್ತದೆ, ಅದರಾಚೆ ಕಾಲುದಾರಿ. ಓಂ ಬೀಚಿನ ಆಕಾರ ಮರಳಿನ ಮೇಲೆ ನಿಂತರೆ ತಿಳಿಯುವುದಿಲ್ಲ. ಮೇಲಿನ ದಾರಿಯಲ್ಲಿ ಒಂದು ಗಳಿಗೆ ನಿಲ್ಲಿ: ಎರಡು ಅರ್ಧಚಂದ್ರಗಳು, ಅವು ಕೂಡುವಲ್ಲಿ ಕಡಲಿಗೆ ಚಾಚಿದ ಕಪ್ಪು ಬಂಡೆಗಳು. ನನಗೆ ಹೆಚ್ಚು ಹಿಡಿಸಿದ್ದು ಹಾಫ್ ಮೂನ್. ಇಳಿತದ ಹೊತ್ತಿಗೆ ಅಲ್ಲಿನ ಹಸಿ ಮರಳಿನ ತುಂಬ ಪುಟ್ಟ ಏಡಿಗಳು ಸಾಸಿವೆಗಿಂತ ತುಸು ದೊಡ್ಡ ಮರಳುಂಡೆಗಳನ್ನು ಬಿಲದ ಸುತ್ತ ಸಾಲಾಗಿ ಹರಡಿದ್ದವು. ಹೆಜ್ಜೆ ಸದ್ದಾದರೆ ಸಾಕು, ಎಲ್ಲ ಮಾಯ. ಮಕ್ಕಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ಹಾಫ್ ಮೂನ್ ದಾಟಿದ ಮೇಲೆ ದಾರಿ ಬಂಡೆಗಳ ನಡುವೆ ಏರಿಳಿಯುತ್ತದೆ. ಹವಾಯಿ ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿ. ನೀರು ಒಯ್ಯಿರಿ. ಕತ್ತಲಾಗುವ ಮೊದಲೇ ಹಿಂತಿರುಗಿ. ಕಾಲು ಸೋತರೆ ಹವಾಮಾನ ಚೆನ್ನಾಗಿರುವ ತಿಂಗಳುಗಳಲ್ಲಿ ಓಂ ಬೀಚಿಗೆ ದೋಣಿ ಸಿಗುತ್ತದೆ, ಹತ್ತುವ ಮೊದಲೇ ದರ ಮಾತಾಡಿ.

ಈಜು ಬರುತ್ತದೆಂದು ಯಾರೂ ಕಡಲನ್ನು ಹಗುರವಾಗಿ ಎಣಿಸಬಾರದು. ಅಲೆಗಳ ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ ಕಂಡರೆ ಅದು ಒಳಕ್ಕೆಳೆಯುವ ಸೆಳೆತವಿರಬಹುದು. ಸಿಕ್ಕಿಕೊಂಡರೆ ದಡದತ್ತ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಆಮೇಲೆ ತಿರುಗಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಯೋಚನೆಯೇ ಬೇಡ. ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ.

ದಕ್ಷಿಣಕ್ಕೆ ಬರುವಾಗ ಹೊನ್ನಾವರದ ಕಾಸರಕೋಡಿನಲ್ಲಿ ಇಳಿಯಿರಿ. ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದ ಬೀಚ್ ಅದು, ಶೌಚಾಲಯ, ಸ್ನಾನದ ವ್ಯವಸ್ಥೆ ಇರುವುದರಿಂದ ವಯಸ್ಸಾದವರಿಗೆ ಅನುಕೂಲ. ಹತ್ತಿರದಲ್ಲೇ ಶರಾವತಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ದಾರಿಯಿದೆ. ಮುರ್ಡೇಶ್ವರದಲ್ಲಿ ಜನಸಂದಣಿ ಹೆಚ್ಚು, ದೇವರ ದರ್ಶನ ಬೇಕಾದವರು ನಿಲ್ಲಬಹುದು.

ಮರವಂತೆಯನ್ನು ಮಾತ್ರ ಬಸ್ಸಿನ ಕಿಟಕಿಯಿಂದ ನೋಡಿ ಬಿಡಬೇಡಿ. ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಕಡಲಿನ ಇಷ್ಟು ಹತ್ತಿರ ಬಂದ ನದಿ ಅಲ್ಲಿ ಸೇರದೆ ದಕ್ಷಿಣಕ್ಕೆ ತಿರುಗಿ ಗಂಗೊಳ್ಳಿಯ ಅಳಿವೆಗೆ ಹೋಗುತ್ತದೆ. ಕುಂದಾಪುರದ ಕಡೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಿಟ್ಟು ಇಳಿಯಿರಿ, ರಸ್ತೆ ದಾಟುವಾಗ ಜಾಗ್ರತೆ, ವಾಹನಗಳ ವೇಗ ವಿಪರೀತ.

ಉಡುಪಿಯಿಂದ ಮಲ್ಪೆ ಸುಮಾರು 6 ಕಿ.ಮೀ., ಸಿಟಿ ಬಸ್ಸುಗಳು ಬೇಕಾದಷ್ಟಿವೆ. ಸೇಂಟ್ ಮೇರೀಸ್ ದ್ವೀಪಕ್ಕೆ ಅಲ್ಲಿಂದ ದೋಣಿ, ಮಳೆಗಾಲದಲ್ಲಿ ಅದು ಬಂದ್. ಲಾವಾ ತಣ್ಣಗಾಗುವಾಗ ಬಿರುಕುಬಿಟ್ಟು ಕಂಬಗಳಾಗಿ ನಿಂತ ಕಲ್ಲುಗಳು ಅಲ್ಲಿವೆ. ಭಾರತ ಮತ್ತು ಮಡಗಾಸ್ಕರ್ ಒಂದಾಗಿದ್ದ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು. ಬೆಳಗಿನ ದೋಣಿಯಲ್ಲೇ ಹೋಗಿ, ಮಧ್ಯಾಹ್ನದ ಬಿಸಿಲು ತಡೆಯಲಾಗದು. ಹಾಗೆ ಮಾಡಿದರೆ ಸಂಜೆ ಕಾಪುವಿಗೂ ಸಮಯ ಉಳಿಯುತ್ತದೆ. ಅಲ್ಲಿನ 1901ರ ದೀಪಸ್ತಂಭದ ಮೇಲೆ ಸಾಮಾನ್ಯವಾಗಿ ಸಂಜೆ ಸ್ವಲ್ಪ ಹೊತ್ತು ಮಾತ್ರ ಬಿಡುತ್ತಾರೆ, ನಾಲ್ಕು ಗಂಟೆಗೆಲ್ಲ ಅಲ್ಲಿದ್ದರೆ ಒಳ್ಳೆಯದು.