ಅಷ್ಟು ಸೋತರೂ ಕೋಚನ್ನು ಯಾಕೆ ಮನೆಗೆ ಕಳಿಸಲಿಲ್ಲ?

ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡುವ ಕನ್ನಡಿಗರು, ಅದರಲ್ಲೂ ಫ್ಲಾರಿಡಾ ಕಡೆ ಮಕ್ಕಳನ್ನು ಓದಿಸುತ್ತಿರುವವರು, ಸಿಕ್ಕಾಗಲೆಲ್ಲ ಇದನ್ನೇ ಕೇಳುತ್ತಾರೆ: 2023ರಲ್ಲಿ 13 ಪಂದ್ಯ ಗೆದ್ದು ಒಂದೇ ಸೋತಿದ್ದ ಫ್ಲಾರಿಡಾ ಸ್ಟೇಟ್, ಮರುವರ್ಷ 12ರಲ್ಲಿ 10 ಸೋತಿತು. ಆದರೂ ಕೋಚ್ ಮೈಕ್ ನಾರ್ವೆಲ್ ಅವರನ್ನು ಯಾಕೆ ಇಟ್ಟುಕೊಂಡರು? ಅವರ ಪ್ಲೇ ಕಾಲ್ (ಪ್ರತಿ ಸಲ ಯಾವ ಯೋಜನೆ ಆಡಬೇಕೆಂದು ಹೇಳುವುದು) ಅಷ್ಟೊಂದು ಕೆಟ್ಟದಾಗಿತ್ತಲ್ಲ?

2024ರ ಸೀಸನ್ ಕೆಟ್ಟಿದ್ದು ಪ್ಲೇ ಕಾಲ್‌ನಿಂದ ಎಂದು ನಾನು ಒಪ್ಪುವುದಿಲ್ಲ. ಪಂದ್ಯ ಶುರುವಾಗುವುದಕ್ಕೆ ತಿಂಗಳುಗಳ ಮುಂಚೆ, ಯಾರನ್ನು ಆಡಿಸಬೇಕೆಂದು ಆರಿಸುವಾಗಲೇ ಅದು ಕೆಟ್ಟಿತ್ತು. ಆ ಆಯ್ಕೆಯ ಹೊಣೆಯೂ ನಾರ್ವೆಲ್ ಅವರದ್ದೇ, ಹಾಗಾಗಿ ಅವರನ್ನು ಸಮರ್ಥಿಸಲು ಇದನ್ನು ಬರೆಯುತ್ತಿಲ್ಲ. ಆದರೆ ಶನಿವಾರ ಟಿವಿ ಮುಂದೆ ಕೂತು ಬೈಯುವ ವಿಷಯ ಬೇರೆ, ತಂಡವನ್ನು ಮುಳುಗಿಸಿದ ವಿಷಯ ಬೇರೆ.

2023ರ ತಂಡ ಹೇಗೆ ಕಟ್ಟಿದ್ದು ಎಂದು ಮೊದಲು ನೋಡಿ. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವ ಜೋರ್ಡನ್ ಟ್ರಾವಿಸ್ ಬಂದಿದ್ದು ಲೂಯಿವಿಲ್‌ನಿಂದ. ಜಾರೆಡ್ ವರ್ಸ್ ಆಲ್ಬನಿಯಿಂದ, ಕಿಯಾನ್ ಕೋಲ್ಮನ್ ಮಿಶಿಗನ್ ಸ್ಟೇಟ್‌ನಿಂದ, ಟ್ರೇ ಬೆನ್ಸನ್ ಆರೆಗಾನ್‌ನಿಂದ, ಬ್ರೇಡನ್ ಫಿಸ್ಕ್ ವೆಸ್ಟರ್ನ್ ಮಿಶಿಗನ್‌ನಿಂದ. ಬೇರೆ ಕಾಲೇಜಿನಿಂದ ವರ್ಗವಾಗಿ ಬರುವ ಆಟಗಾರರನ್ನು ಆರಿಸುವುದರಲ್ಲಿ ಆಗ ನಾರ್ವೆಲ್ ಅವರಷ್ಟು ಪಳಗಿದ ಕೋಚ್‌ಗಳು ಬೆರಳೆಣಿಕೆಯಷ್ಟೇ. ತಮ್ಮ ಲೀಗ್ ಎಸಿಸಿಯ ಚಾಂಪಿಯನ್ ಆಗಿ 13–0 ಇದ್ದರೂ, ಟ್ರಾವಿಸ್ ಕಾಲು ಮುರಿದುಕೊಂಡಿದ್ದರಿಂದ ನಾಲ್ಕು ತಂಡಗಳ ಪ್ಲೇಆಫ್‌ಗೆ ಸಮಿತಿ ಕರೆಯಲಿಲ್ಲ. ಹತ್ತಾರು ಆಟಗಾರರು ಹಿಂದೆ ಸರಿದ ಮೇಲೆ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾ ಕೈಯಲ್ಲಿ 63–3ರ ಸೋಲು. 2024ರ ಏಪ್ರಿಲ್ ಡ್ರಾಫ್ಟ್‌ನಲ್ಲಿ ಆ ತಂಡದ 10 ಮಂದಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋದರು.

ವರ್ಗವಾಗಿ ಬಂದವರು ಹೆಚ್ಚೆಂದರೆ ಒಂದೆರಡು ವರ್ಷ ಇರುತ್ತಾರೆ. ಅವರನ್ನೇ ನಂಬಿದ ತಂಡ ಪ್ರತಿ ಚಳಿಗಾಲದಲ್ಲೂ ಮತ್ತೆ ಮೊದಲಿಂದ ಕಟ್ಟಬೇಕು. ಒಂದು ವರ್ಷ ಆಯ್ಕೆ ತಪ್ಪಿದರೆ ಅದನ್ನು ತುಂಬಿಕೊಡಲು ಕೆಳಗೆ ಎರಡು ಮೂರು ವರ್ಷ ಅಲ್ಲೇ ಬೆಳೆದ ಹುಡುಗರು ಇರಬೇಕು. ಫ್ಲಾರಿಡಾ ಸ್ಟೇಟ್‌ನಲ್ಲಿ ಅಂಥವರು ಸಾಕಷ್ಟು ಇರಲಿಲ್ಲ. 2024ಕ್ಕೆ ಬಂದವರಲ್ಲಿ ಅಲಬಾಮಾ, ಜಾರ್ಜಿಯಾದಂಥ ದೊಡ್ಡ ಕಾಲೇಜುಗಳಿಂದ ಬಂದವರೇ ಹಲವರು. ಹೆಸರು ದೊಡ್ಡದು, ಆದರೆ ಹೆಚ್ಚಿನವರು ಅಲ್ಲಿ ಮೊದಲ ಸಾಲಿನಲ್ಲಿ ಆಡಿದವರಲ್ಲ. ಆಲ್ಬನಿಯಂಥ ಸಣ್ಣ ಕಡೆ ಎಲ್ಲರನ್ನೂ ಮೀರಿಸಿ ಆಡಿದ ಹುಡುಗನಿಗೂ, ಅಲಬಾಮಾದಲ್ಲಿ ಬೆಂಚ್ ಮೇಲೆ ಕೂತ ಹುಡುಗನಿಗೂ ಇರುವ ವ್ಯತ್ಯಾಸ ಅಲ್ಲಿ ಬಯಲಾಯಿತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ. ಟ್ರಾವಿಸ್ ಕಾಲಿನ ಚುರುಕಿನಿಂದ ಆಫೆನ್ಸಿವ್ ಲೈನ್‌ನ (ಅವರ ಮುಂದೆ ಕಾವಲು ನಿಲ್ಲುವ ಐವರ) ಎಷ್ಟೋ ತಪ್ಪುಗಳು ಮುಚ್ಚಿಹೋಗುತ್ತಿದ್ದವು. ಲೈನ್‌ನ ಐವರಲ್ಲಿ ಒಬ್ಬ ಎಡವಿದರೂ ಟ್ರಾವಿಸ್ ಪಕ್ಕಕ್ಕೆ ಜಾರಿ ಎಂಟು ಗಜ ಓಡುತ್ತಿದ್ದರು. ಅವರ ಜಾಗಕ್ಕೆ ಬಂದ ಡಿಜೆ ಉಯಿಯಾಗಲೆಲೇ ಎತ್ತರದ, ಗಟ್ಟಿ ತೋಳಿನ ಆಟಗಾರ. ಆದರೆ ಅವರಿಗೆ ಎದುರು ನಿಂತು ಎಸೆಯಲು ಸಮಯ ಬೇಕು. ಆ ಸಮಯ ಕೊಡುವ ಲೈನ್ ಇರಲಿಲ್ಲ.

ಡಬ್ಲಿನ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲೇ ಇದು ಕಾಣಿಸಿತು. 21–21 ಇದ್ದಾಗ ಜಾರ್ಜಿಯಾ ಟೆಕ್ ಚೆಂಡು ಹಿಡಿದು, ಕೊನೆಯ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಬಿಟ್ಟುಕೊಡದೆ ತಿಂದು, ಗಡಿಯಾರ ಮುಗಿಯುವಾಗ 44 ಗಜದಿಂದ ಒದ್ದ ಫೀಲ್ಡ್ ಗೋಲ್‌ನಿಂದ ಗೆದ್ದಿತು. ಎದುರಾಳಿ ಏನು ಮಾಡುತ್ತಾನೆಂದು ಎಲ್ಲರಿಗೂ ಗೊತ್ತಿದ್ದರೂ ತಡೆಯಲಾಗಲಿಲ್ಲ. ಮುಂದಿನ ವಾರ ಬಾಸ್ಟನ್ ಕಾಲೇಜ್ ಓಟದಲ್ಲೇ 263 ಗಜ ಗಳಿಸಿತು, ಫ್ಲಾರಿಡಾ ಸ್ಟೇಟ್ ಗಳಿಸಿದ್ದು 21. ಇಪ್ಪತ್ತೊಂದು ಗಜಕ್ಕೆ ಯಾವ ಪ್ಲೇ ಕಾಲ್ ಮದ್ದಾಗುತ್ತದೆ? ಓಟ ಇಲ್ಲದಾಗ ಮೂರನೇ ಡೌನ್‌ನಲ್ಲಿ (10 ಗಜ ದಾಟಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದರಲ್ಲಿ) ಎಂಟು, ಒಂಬತ್ತು ಗಜ ಉಳಿಯುತ್ತದೆ, ಎದುರಾಳಿಗೆ ಪಾಸ್ ಬರುತ್ತದೆಂದು ಮೊದಲೇ ಗೊತ್ತಾಗುತ್ತದೆ, ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಅವರ ರಷ್ ಇನ್ನೂ ಜೋರಾಗುತ್ತದೆ. ಮೂರನೇ ವಾರ ನಾರ್ವೆಲ್ ಅವರ ಹಳೆಯ ತಂಡ ಮೆಂಫಿಸ್ ಇವರ ಮನೆಯಂಗಳಕ್ಕೇ ಬಂದು 20–12ರಿಂದ ಸೋಲಿಸಿತು.

ಹಾಗಾದರೆ ಕೋಚಿಂಗ್‌ನ ತಪ್ಪನ್ನು ಪಂದ್ಯದಲ್ಲಿ ಗುರುತಿಸುವುದು ಹೇಗೆ? ಒಂದು ಹಾಳೆ ಇಟ್ಟುಕೊಂಡು ತಂಡದ ಪ್ರತಿ ಆಫೆನ್ಸ್ ಪ್ಲೇ ಬರೆಯಿರಿ: ಯಾವ ಡೌನ್, ಎಷ್ಟು ಗಜ ಬೇಕಿತ್ತು, ಎಷ್ಟು ಸಿಕ್ಕಿತು. ಮೊದಲ ಡೌನ್‌ನಲ್ಲಿ ಬೇಕಾದದ್ದರ ಅರ್ಧ, ಎರಡನೆಯದರಲ್ಲಿ 70 ಶೇಕಡ, ಮೂರು ಮತ್ತು ನಾಲ್ಕರಲ್ಲಿ ಪೂರ್ತಿ ಸಿಕ್ಕರೆ ಆ ಪ್ಲೇ ಗೆದ್ದಿತೆಂದು ಲೆಕ್ಕ. ನಂತರ ಸೋತ ಪ್ಲೇಗಳನ್ನು ಮರುನೋಡಿ, ಯಾಕೆ ಸೋತಿತು ಎಂದು ಪಕ್ಕದಲ್ಲಿ ಗುರುತು ಹಾಕಿ. ಲೈನ್‌ಮನ್ ತನ್ನ ಎದುರಿನವನ ಮುಂದೆ ನಿಂತು, ಒಬ್ಬರಿಗೊಬ್ಬರು ತಳ್ಳಾಟದಲ್ಲಿ ಸೋತರೆ ಅದು ಶಕ್ತಿಯ, ಅಂದರೆ ಆಯ್ಕೆಯ ಕೊರತೆ. ಓಡಿಬರುವ ಡಿಫೆಂಡರ್‌ನನ್ನು ಯಾರೂ ಮುಟ್ಟದೆ ಬಿಟ್ಟರೆ, ಇಬ್ಬರು ಒಬ್ಬನನ್ನೇ ಹಿಡಿದರೆ, ಅದು ಪಾಠದ ಕೊರತೆ. ಅಲ್ಲಿ ಕೋಚನ್ನು ಹಿಡಿಯಬಹುದು. ಫಾಲ್ಸ್ ಸ್ಟಾರ್ಟ್ (ಚೆಂಡು ಕದಲುವ ಮೊದಲೇ ಮಿಸುಕುವುದು), ಮೈದಾನದಲ್ಲಿ 11ರ ಬದಲು 12 ಜನ, ಮೂರನೇ ಕ್ವಾರ್ಟರ್‌ನಲ್ಲೇ ಟೈಮ್‌ಔಟ್ ಖಾಲಿ, ಇವೂ ಅದೇ ಖಾತೆಗೆ.

ಗಡಿಯಾರವನ್ನೂ ನೋಡಿ. 2024ರಿಂದ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್‌ನಲ್ಲಿ ಕೋಚ್ ಮಾತು ಕೇಳಿಸುತ್ತದೆ, ಪ್ಲೇ ಗಡಿಯಾರದಲ್ಲಿ (ಮುಂದಿನ ಪ್ಲೇ ಶುರು ಮಾಡಲು ಇರುವ ಸಮಯದಲ್ಲಿ) 15 ಸೆಕೆಂಡ್ ಉಳಿದಾಗ ಆ ಸಂಪರ್ಕ ಕಟ್ ಆಗುತ್ತದೆ. ಅಷ್ಟರೊಳಗೆ ತಂಡ ಲೈನ್‌ಗೆ ಬಂದು ನಿಂತಿದ್ದರೆ ಎದುರಾಳಿಯನ್ನು ಓದಿ ಬ್ಲಾಕಿಂಗ್ ಬದಲಿಸಬಹುದು. ಆರೇಳು ಸೆಕೆಂಡ್ ಇದ್ದಾಗ ಬಂದು ನಿಲ್ಲುವ ತಂಡದ ಕ್ವಾರ್ಟರ್‌ಬ್ಯಾಕ್ ಕಣ್ಣು ಕಟ್ಟಿಕೊಂಡು ಆಡಿದಂತೆಯೇ. ಇದು ಪದೇ ಪದೇ ಆಗುತ್ತಿದ್ದರೆ ತಪ್ಪು ಸೈಡ್‌ಲೈನ್‌ನಲ್ಲಿದೆ.

ಇನ್ನು ದುಡ್ಡಿನ ಮಾತು. ಕೋಚ್ ನಿಕ್ ಸೇಬನ್ 2024ರ ಜನವರಿಯಲ್ಲಿ ಅಲಬಾಮಾದಿಂದ ನಿವೃತ್ತರಾದಾಗ ನಾರ್ವೆಲ್ ಹೆಸರು ಅಲ್ಲಿ ಓಡಾಡಿತು. ಬಿಟ್ಟುಹೋದರೆ ಎಂಬ ಭಯಕ್ಕೆ ಫ್ಲಾರಿಡಾ ಸ್ಟೇಟ್ 2031ರವರೆಗೆ, ವರ್ಷಕ್ಕೆ ಒಂದು ಕೋಟಿ ಡಾಲರ್‌ಗೂ ಮೇಲೆ ಒಪ್ಪಂದ ಮಾಡಿಕೊಂಡಿತು. ತಪ್ಪಿಲ್ಲದೆ ತೆಗೆದರೆ ಉಳಿದ ಸಂಬಳದ 85 ಶೇಕಡ ಕೊಡಬೇಕೆಂಬ ಷರತ್ತು ಅದರಲ್ಲಿದೆ. 2024ರ ಕೊನೆಗೆ ಏಳು ವರ್ಷ ಉಳಿದಿತ್ತು, ಲೆಕ್ಕ ಆರು ಕೋಟಿ ಡಾಲರ್ ದಾಟುತ್ತದೆ. 2025ರ ಜುಲೈಯಿಂದ ಒಂದು ಕಾಲೇಜು ತನ್ನ ಎಲ್ಲ ಆಟಗಾರರಿಗೂ ಸೇರಿ ನೇರವಾಗಿ ಕೊಡಬಹುದಾದ ಹಣವೇ ಮೊದಲ ವರ್ಷಕ್ಕೆ ಸುಮಾರು 2.05 ಕೋಟಿ ಡಾಲರ್. ಒಬ್ಬ ಕೋಚನ್ನು ಕಳಿಸುವ ಖರ್ಚು ಮೂರು ವರ್ಷದ ಆಟಗಾರರ ಸಂಬಳಕ್ಕೆ ಸಮ. ಟೆಕ್ಸಸ್ ಎ ಅಂಡ್ ಎಂ 2023ರಲ್ಲಿ ಜಿಂಬೊ ಫಿಶರ್ ಅವರಿಗೆ ಏಳೂವರೆ ಕೋಟಿಗೂ ಹೆಚ್ಚು ಕೊಟ್ಟು ಕಳಿಸಿತು, ನಿಜ. ಅಂಥ ದಾನಿಗಳು ಎಲ್ಲ ಊರಲ್ಲೂ ಇರುವುದಿಲ್ಲ. ಮೇಲಾಗಿ ಆಗಿನ ನಿಯಮದಂತೆ ಹೆಡ್ ಕೋಚ್ ಹೋದರೆ ಇಡೀ ತಂಡಕ್ಕೆ 30 ದಿನ ಪೋರ್ಟಲ್, ಅಂದರೆ ಬೇರೆ ಕಾಲೇಜಿಗೆ ವರ್ಗವಾಗುವ ಬಾಗಿಲು, ತೆರೆಯುತ್ತಿತ್ತು. ಮೊದಲೇ ಸೊರಗಿದ ತಂಡದಿಂದ ಉಳಿದ ಒಳ್ಳೆಯವರೂ ಹೊರಟರೆ ಹೊಸಬರು ಏನನ್ನು ಹಿಡಿದು ಕಟ್ಟಬೇಕು?

ಅದಕ್ಕೇ ನೋಟರ್ ಡೇಮ್ ಎದುರು 52–3ರಿಂದ ಸೋತ ಮರುದಿನ ಕಡಿದದ್ದು ಸುತ್ತಲಿನವರನ್ನು: ಆಫೆನ್ಸ್‌ನ ಅಲೆಕ್ಸ್ ಆಟ್ಕಿನ್ಸ್, ಡಿಫೆನ್ಸ್‌ನ ಆಡಮ್ ಫುಲ್ಲರ್, ರಿಸೀವರ್ ಕೋಚ್ ರಾನ್ ಡುಗನ್ಸ್. ಗಸ್ ಮಾಲ್ಜಾನ್ ಬಂದು ಪ್ಲೇ ಕಾಲ್ ವಹಿಸಿಕೊಂಡರು, ಟೋನಿ ವೈಟ್ ಡಿಫೆನ್ಸ್ ವಹಿಸಿಕೊಂಡರು. ನಾರ್ವೆಲ್ 2025ರ ಸಂಬಳದಲ್ಲಿ 45 ಲಕ್ಷ ಡಾಲರ್ ಬಿಟ್ಟುಕೊಟ್ಟರು. ಆ ತೀರ್ಮಾನ ನನಗೆ ಸರಿಯೆನಿಸಿತು. ಒಂದು ತಪ್ಪು ಆಯ್ಕೆಯ ವರ್ಷವನ್ನು ತಿದ್ದಿಕೊಳ್ಳಲು ಅವಕಾಶ ಕೊಡಬೇಕು, 2021ರಲ್ಲಿ ನಾಲ್ಕಕ್ಕೆ ನಾಲ್ಕೂ ಸೋತು ಶುರು ಮಾಡಿದ ತಂಡವನ್ನು 13 ಗೆಲುವಿಗೆ ತಂದವರೂ ಇವರೇ ತಾನೆ.

2025ರಲ್ಲಿ ಉಳಿಸಿಕೊಂಡದ್ದನ್ನು ಮಾತ್ರ ನಾನು ಒಪ್ಪಲಾರೆ. ಅಲಬಾಮಾವನ್ನು 31–17ರಿಂದ ಸೋಲಿಸಿ, 230 ಗಜ ಓಡಿ ಶುರು ಮಾಡಿದ ತಂಡ ಅದು. ಕ್ವಾರ್ಟರ್‌ಬ್ಯಾಕ್ ಟಾಮಿ ಕ್ಯಾಸ್ಟೆಲಾನೊಸ್, ಹಿಂದಿನ ವರ್ಷ ಇವರನ್ನೇ ಸೋಲಿಸಿದ್ದ ಬಾಸ್ಟನ್ ಕಾಲೇಜಿನ ಹುಡುಗ, ಓಡಬಲ್ಲವನು. ಆಯ್ಕೆ ಸರಿಹೋಗಿತ್ತು. ಅಂಥ ತಂಡ 5–7ಕ್ಕೆ ಇಳಿದು, ಸ್ಟ್ಯಾನ್‌ಫರ್ಡ್ ಎದುರು 20–13ರಿಂದ ಸೋತರೆ ಅದಕ್ಕೆ ಪೋರ್ಟಲ್ ಹೊಣೆಯಲ್ಲ. 2024 ಮತ್ತು 2025 ಎರಡೂ ಸೇರಿ ಎದುರಾಳಿಯ ಮೈದಾನದಲ್ಲಿ ಆಡಿದ ಒಂಬತ್ತು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಪ್ರೇಕ್ಷಕರ ಗದ್ದಲದಲ್ಲಿ ಸ್ನ್ಯಾಪ್ ಎಣಿಕೆ (ಪ್ಲೇ ಶುರು ಮಾಡುವ ಕೂಗು) ಹೇಗೆ ಕೊಡಬೇಕು, ಮುನ್ನಡೆ ಕೈತಪ್ಪಿದಾಗ ತಂಡವನ್ನು ಹೇಗೆ ಹಿಡಿದಿಡಬೇಕು ಎಂಬುದು ಆಟಗಾರ ಹೊತ್ತು ತರುವ ಗುಣವಲ್ಲ, ವಾರವಿಡೀ ಅಭ್ಯಾಸದಲ್ಲಿ ಕಲಿಸುವ ವಿಷಯ. 2025ರ ನವೆಂಬರ್‌ನಲ್ಲೂ ಬೈಔಟ್, ಅಂದರೆ ತೆಗೆದರೆ ಕೊಡಬೇಕಾದ ಹಣ, ಐದು ಕೋಟಿ ಡಾಲರ್‌ಗಿಂತ ಮೇಲಿತ್ತು, ಕಾಲೇಜು ಇನ್ನೊಂದು ವರ್ಷ ಕೊಟ್ಟಿತು. ದುಡ್ಡು ಅಷ್ಟು ಇರದೇ ಹೋಗಿದ್ದರೆ ಸ್ಟ್ಯಾನ್‌ಫರ್ಡ್ ಸೋಲಿನ ವಾರವೇ ತೀರ್ಮಾನವಾಗುತ್ತಿತ್ತು ಎಂದು ನನ್ನ ಅಂದಾಜು.