ಎರಡು ದಿನದ ಶೋ, ಹದಿಮೂರು ದಿನದ ಬೀಗ

ನಾನು ಪುಣೆಯಲ್ಲಿ ಶೋ ಕಟ್ಟುವ ಕೆಲಸ ಮಾಡುತ್ತೇನೆ. ಸ್ಟೇಜ್, ಸೌಂಡ್, ಲೈಟ್, ಜನರೇಟರ್, ಬ್ಯಾರಿಕೇಡ್, ಪರವಾನಗಿ ಎಲ್ಲ ಒಟ್ಟು ಮಾಡಿ ಮೈದಾನವನ್ನು ರೆಡಿ ಮಾಡುವುದು, ಮುಗಿದ ಮೇಲೆ ಖಾಲಿ ಮಾಡಿ ಕೊಡುವುದು. ಊರು ಹುಬ್ಬಳ್ಳಿ ಹತ್ತಿರ. ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆಯಿತು. ಈ ಕೆಲಸದ ದೊಡ್ಡ ಪಾಠವನ್ನು ನನಗೆ ಕಲಿಸಿದವರು ಒಂದು ಉದ್ಯಾನದ ಎದುರು ಮೂರನೇ ಮಹಡಿಯಲ್ಲಿ ಇರುವ ಗದಗ ಕಡೆಯ ಒಬ್ಬ ಕಾಕು, ಅಂದರೆ ಚಿಕ್ಕಮ್ಮ ಅಂತ ಕರೆಯುವ ವಯಸ್ಸಿನವರು. ಅವರು ನಮ್ಮ ಶೋ ವಿರುದ್ಧ ಸಹಿ ಸಂಗ್ರಹಿಸಿದವರು.

ಮೈದಾನ ಪಾಲಿಕೆಯದು. ನಡುವೆ ಕ್ರಿಕೆಟ್ ಪಿಚ್, ಸುತ್ತ ವಾಕಿಂಗ್ ಟ್ರ್ಯಾಕ್, ಒಂದು ಬದಿಗೆ ಬೇವಿನ ಮರಗಳ ಸಾಲು, ಮೂರು ಕಡೆ ಸೊಸೈಟಿಗಳು. ಡಿಸೆಂಬರ್‌ನಲ್ಲಿ ಶನಿವಾರ, ಭಾನುವಾರ ಸಂಗೀತ ಉತ್ಸವ. ಮಧ್ಯಾಹ್ನ 2ಕ್ಕೆ ಗೇಟ್ ತೆರೆದು ರಾತ್ರಿ 10ಕ್ಕೆ ಕ್ಲೋಸ್. ಪೊಲೀಸ್, ಟ್ರಾಫಿಕ್, ಫೈರ್ ಬ್ರಿಗೇಡ್, ಉದ್ಯಾನ ವಿಭಾಗ, ಎಲ್ಲರ ಎನ್‌ಓಸಿ ಕೈಯಲ್ಲಿತ್ತು. ಎಲ್ಲ ಕಾಗದದಲ್ಲೂ ಬರೆದದ್ದು ಒಂದೇ. ಕಾರ್ಯಕ್ರಮ ಎರಡು ದಿನ.

ಮೊದಲ ಲಾರಿ ಬಂದದ್ದು ಅದರ ಹಿಂದಿನ ಸೋಮವಾರ ರಾತ್ರಿ. ದೊಡ್ಡ ಲಾರಿಗಳನ್ನು ಹಗಲು ಊರೊಳಗೆ ಬಿಡುವುದಿಲ್ಲ, ಹಾಗಾಗಿ ನಮ್ಮ ಕೆಲಸದಲ್ಲಿ ಸಾಮಾನು ಇಳಿಸುವುದು ಯಾವಾಗಲೂ ರಾತ್ರಿಯೇ. ಗೇಟ್ ಕಿರಿದು. ಪ್ರತಿ ಲಾರಿ ರಿವರ್ಸ್‌ನಲ್ಲೇ ಒಳಗೆ ಬರಬೇಕು. ರಿವರ್ಸ್ ಹಾರ್ನ್ ಕೀಂ ಕೀಂ ಅನ್ನುತ್ತದೆ, ಟ್ರಸ್, ಅಂದರೆ ಸ್ಟೇಜಿನ ಚೌಕಟ್ಟು, ಇಳಿಸುವಾಗ ಅಲ್ಯೂಮಿನಿಯಂ ಪೈಪಿಗೆ ಪೈಪು ಬಡಿಯುತ್ತದೆ, ಹುಡುಗರು ಒಬ್ಬರಿಗೊಬ್ಬರು ಕೂಗುತ್ತಾರೆ. ನಮಗೆ ಅದು ಕಿವಿಗೇ ಬೀಳುವುದಿಲ್ಲ, ಅಷ್ಟು ರೂಢಿ. ಎರಡು ಗಂಟೆಗೆ ಸ್ವೆಟರ್ ಮೇಲೆ ಶಾಲು ಹೊದ್ದು ಒಬ್ಬ ಹೆಂಗಸು ಕೆಳಗೆ ಬಂದರು. ಮರಾಠಿಯಲ್ಲಿ ಶುರು ಮಾಡಿದವರು, ನಾನು ನಮ್ಮ ಹುಡುಗನಿಗೆ ಕನ್ನಡದಲ್ಲಿ ಏನೋ ಹೇಳಿದ್ದು ಕೇಳಿ ಕನ್ನಡಕ್ಕೇ ತಿರುಗಿದರು.

"ತಮ್ಮಾ, ನಿಮ್ಮ ಹಾಡು ಶನಿವಾರ ಅಲ್ಲೇನು? ಸೋಮವಾರದಿಂದ ಯಾಕ ನಮ್ಮ ನಿದ್ದಿ ಕೆಡಸಾಕ ಹತ್ತೀರಿ?"

"ಕಾಕೂ, ಇನ್ನ ನಾಕ ಲಾರಿ ಅಷ್ಟ ರೀ," ಅಂದೆ.

"ಇವತ್ತ ನಾಕು. ನಾಳೆ?"

ನಾಳೆ ಆರು ಇದ್ದವು. ಹೇಳಲಿಲ್ಲ.

ಬೆಳಿಗ್ಗೆ ಐದೂವರೆಗೆ ವಾಕಿಂಗ್‌ಗೆ ಬಂದವರಿಗೆ ಗೇಟಿಗೆ ಬೀಗ ಕಂಡಿತು. ಸಾಮಾನು ಕೋಟಿಗಟ್ಟಲೆ ಬೆಲೆಯದು, ಕಳುವಾದರೆ ನನ್ನ ತಲೆ ಮೇಲೆ, ಹಾಗಾಗಿ ಟ್ರ್ಯಾಕ್ ಸೇರಿಸಿ ಪೂರ್ತಿ ಮೈದಾನಕ್ಕೆ ತಗಡಿನ ಶೀಟು ಹೊಡೆಸಿದ್ದೆ. ವಾಕರ್ ಹಿಡಿದು ದಿನಕ್ಕೆ ಎರಡು ಸುತ್ತು ಹಾಕುವ ಒಬ್ಬ ಅಜ್ಜ ಇದ್ದರು, ಬೈಪಾಸ್ ಆದವರಂತೆ. ಅಷ್ಟೂ ದಿನ ಅವರು ಬೆಳಿಗ್ಗೆ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಸ್ಕೂಟರ್‌ಗಳ ನಡುವೆ ಅತ್ತಿಂದಿತ್ತ ನಡೆಯುತ್ತಿದ್ದುದನ್ನು ನಾನೇ ನೋಡಿದ್ದೇನೆ. ಶೋ ಭಾನುವಾರ ಮುಗಿಯಿತು. ಬಿಚ್ಚುವ ಕೆಲಸ ಮುಗಿದು ಕೊನೆಯ ಜನರೇಟರ್ ಹೋದದ್ದು ಮುಂದಿನ ಶನಿವಾರ. ಸೋಮವಾರದಿಂದ ಎಣಿಸಿ, ಹದಿಮೂರು ದಿನ. ನಮ್ಮ ಲೆಕ್ಕದಲ್ಲಿ ಎರಡು, ಅವರ ಲೆಕ್ಕದಲ್ಲಿ ಹದಿಮೂರು. ಇದರಲ್ಲಿ ಯಾವುದು ನಿಜವಾದ ಲೆಕ್ಕ ಅನ್ನುವುದು ನನಗೆ ಹೊಳೆದದ್ದು ಆಮೇಲೆ.

ಶನಿವಾರ ಸಂಜೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಸೌಂಡ್ ಕೆಲಸದ ಹೊಸ ಹುಡುಗರು ಇದನ್ನು ಓದಲಿ.

ನಮ್ಮ ದೇಶದಲ್ಲಿ 2000ದ ಶಬ್ದಮಾಲಿನ್ಯ ನಿಯಮ ಇದೆ. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ಹಗಲು ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ಸಾರ್ವಜನಿಕ ಜಾಗದಲ್ಲಿ ಲೌಡ್‌ಸ್ಪೀಕರ್ ಹಾಕಿದರೆ ಆ ಜಾಗದ ಗಡಿಯಲ್ಲಿ ಇದಕ್ಕಿಂತ 10 ಡೆಸಿಬಲ್ ಜಾಸ್ತಿ ಅಥವಾ 75, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಅಂದರೆ ನಮಗೆ 65. ನಾನು ಮೀಟರ್ ಹಿಡಿದು ಗಡಿಯಲ್ಲೇ ನಿಂತಿದ್ದೆ. ಮೇಲೆ ಹೋದಾಗಲೆಲ್ಲ ವಾಕಿಟಾಕಿಯಲ್ಲಿ ಹೇಳಿ ಇಳಿಸುತ್ತಿದ್ದೆವು. ಒಳ್ಳೆಯ ಕೆಲಸ ಮಾಡುತ್ತಿದ್ದೇವೆ ಅಂತಲೇ ನಂಬಿದ್ದೆ.

ಎಂಟು ಗಂಟೆಗೆ ಕಾಕು ಮತ್ತೆ ಬಂದರು. ಜಗಳಕ್ಕೆ ಬಂದಿರಲಿಲ್ಲ. "ಒಂದ ಐದ ನಿಮಿಷ ಮ್ಯಾಲ ಬಾ" ಅಂದರು. ಹೋದೆ. ಹಾಲ್‌ನಲ್ಲಿ ಕಿಟಕಿ ಮುಚ್ಚಿದ್ದರು, ಹಾಡು ಅಷ್ಟಾಗಿ ಕೇಳುತ್ತಿರಲಿಲ್ಲ, ಹಾಡುವವರ ದನಿಯಂತೂ ಇಲ್ಲವೇ ಇಲ್ಲ. ನೇರ ಅಡಿಗೆಮನೆಗೆ ಕರೆದುಕೊಂಡು ಹೋದರು. ಗೋಡೆಯ ಸ್ಟ್ಯಾಂಡಿನಲ್ಲಿ ಸ್ಟೀಲ್ ಡಬ್ಬಿಗಳು ಸಾಲಾಗಿದ್ದವು, ರವೆ, ಅವಲಕ್ಕಿ, ತೊಗರಿಬೇಳೆ. ಪ್ರತಿ ಬೀಟಿಗೂ ಆ ಮುಚ್ಚಳಗಳು ಜಿಂಯ್ ಜಿಂಯ್ ಅಂತ ನಡುಗುತ್ತಿದ್ದವು. ಒಂದು ಮುಚ್ಚಳಕ್ಕೆ ಅವರು ಮಡಿಸಿದ ಬಟ್ಟೆ ಸಿಕ್ಕಿಸಿದ್ದರು. ಅದರ ಮೇಲೆ ನನ್ನ ಕೈ ಇಡಿಸಿದರು. ಬೆರಳಿಗೆ ನಡುಕ ಹತ್ತಿತು. ಒಳಗಿನ ರೂಮಿನಲ್ಲಿ ಅವರ ಯಜಮಾನರು, ಕಾಕಾ, ಮಲಗಿದ್ದರು, ಮಂಚದ ಪಕ್ಕದ ಗ್ಲಾಸಿನ ನೀರು ಸಣ್ಣಗೆ ಸುತ್ತು ಸುತ್ತಾಗಿ ಅಲುಗುತ್ತಿತ್ತು.

ನನ್ನ ಜೇಬಿನಲ್ಲೇ ಮೀಟರ್ ಇತ್ತು. ಅದನ್ನು ಅಲ್ಲಿ ತೆಗೆದು ತೋರಿಸಲು ಮನಸ್ಸು ಬರಲಿಲ್ಲ.

ಕಾರಣ ಇದು. ಕಾನೂನಿನ ಲೆಕ್ಕ ಇರುವುದು ಎ ತೂಕದ ಡೆಸಿಬಲ್‌ನಲ್ಲಿ. ಮನುಷ್ಯನ ಕಿವಿಗೆ ಕೆಳಗಿನ ಸ್ವರ ಕಡಿಮೆ ಕೇಳುತ್ತದೆ ಅಂತ ಆ ಅಳತೆ ಬೇಸ್ ಅನ್ನು ಕಡಿಮೆ ಮಾಡಿಯೇ ತೋರಿಸುತ್ತದೆ, 63 ಹರ್ಟ್ಸ್‌ನಲ್ಲಿ ಸುಮಾರು 26 ಡೆಸಿಬಲ್‌ನಷ್ಟು. ಕಿಕ್ ಡ್ರಮ್ಮಿನ ಗುದ್ದು ಇರುವುದೇ ಆ ಜಾಗದಲ್ಲಿ. 50 ಹರ್ಟ್ಸ್ ಅಲೆಯ ಉದ್ದ ಹತ್ತಿರ ಹತ್ತಿರ ಏಳು ಮೀಟರ್, ನಮ್ಮ ತಗಡಿನ ಶೀಟು ಅದಕ್ಕೆ ಯಾವ ಲೆಕ್ಕ? ಕಿಟಕಿ ಮುಚ್ಚಿದರೆ ಹಾಡು ನಿಲ್ಲುತ್ತದೆ, ಗುದ್ದು ಒಳಗೆ ಬರುತ್ತದೆ. ಅದರ ಮೇಲೆ ಡಿಸೆಂಬರ್ ಚಳಿ. ಸಂಜೆ ನೆಲ ಬೇಗ ತಣ್ಣಗಾಗಿ ಮೇಲೆ ಬೆಚ್ಚಗಿನ ಗಾಳಿ ಉಳಿದಾಗ, ಮೇಲಕ್ಕೆ ಹೋಗಬೇಕಾದ ಶಬ್ದ ಬಾಗಿ ದೂರದಲ್ಲಿ ಕೆಳಗಿಳಿಯುತ್ತದೆ. ಒಂದೂವರೆ ಕಿಲೋಮೀಟರ್ ಆಚೆಯ ಬಡಾವಣೆಯಿಂದಲೂ ಆ ದಿನ ದೂರು ಬಂದಿತ್ತು.

ದೂರು ಅಂದಾಗ ಇನ್ನೊಂದು ನೆನಪಾಯಿತು. ಎಲ್ಲ ಸೊಸೈಟಿಯ ಬೋರ್ಡಿಗೂ ನಾವು ಒಂದು ಸಹಾಯವಾಣಿ ನಂಬರ್ ಅಂಟಿಸಿದ್ದೆವು. ಆ ಫೋನ್ ಇದ್ದದ್ದು ಸೆಕ್ಯುರಿಟಿ ಸೂಪರ್‌ವೈಸರ್ ಕೈಯಲ್ಲಿ. ಪಾಪ, ಆ ಹುಡುಗ ಎಲ್ಲರಿಗೂ ವಿನಯದಿಂದ ಉತ್ತರ ಕೊಟ್ಟ, ಎಲ್ಲ ಬರೆದುಕೊಂಡ. ಆದರೆ ಅವನ ಮಾತಿಗೆ ಸೌಂಡ್ ಕನ್ಸೋಲ್ ಮೇಲೆ ಒಂದು ಬಟನ್ ಕೂಡ ಕೆಳಗಿಳಿಯುವಂತಿರಲಿಲ್ಲ. ಫೋನ್ ಮಾಡಿದವರಿಗೆ ಅದು ಹತ್ತು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ, ಅಲ್ವಾ? ಆಮೇಲೆ ಅವರು ಪೊಲೀಸರಿಗೇ ಫೋನ್ ಮಾಡಿದರು. ಅವರ ಜಾಗದಲ್ಲಿ ಇದ್ದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಶೋ ಆದ ಮೇಲೆ ಸೊಸೈಟಿಗಳೆಲ್ಲ ಸೇರಿ ಸಭೆ ಕರೆದವು. ನಮ್ಮ ಕಡೆಯಿಂದ ಮೂವರು ಹೋದೆವು. ದಾರಿಯಲ್ಲಿ ನಮ್ಮ ಕ್ಲೈಂಟ್ ಹೇಳಿದರು, ಇವರಿಗೆ ಸಂಗೀತ ಅಂದರೆ ಆಗುವುದಿಲ್ಲ, ರಿಟೈರ್ ಆದವರು, ಸುಮ್ನೆ ಕೂತು ಏನಾದರೂ ತೆಗೆಯುತ್ತಾರೆ ಅಂತ. ಈ ಮಾತನ್ನು ನಮ್ಮ ಕೆಲಸದಲ್ಲಿ ಎಷ್ಟು ಸಲ ಕೇಳಿದ್ದೇನೋ, ನಾನೂ ಎಷ್ಟೋ ಸಲ ಆಡಿದ್ದೇನೆ.

ಸಭೆಯಲ್ಲೂ ಯಾರೋ ಆ ಅರ್ಥ ಬರುವ ಮಾತು ಆಡಿಬಿಟ್ಟರು. ಕಾಕು ಎದ್ದು ನಿಂತರು. ಮದುವೆಯಾಗಿ ಪುಣೆಗೆ ಬಂದ ವರ್ಷದಿಂದ ಸವಾಯಿ ಗಂಧರ್ವ ಉತ್ಸವ ಒಂದೂ ತಪ್ಪಿಸಿಲ್ಲ ಅಂದರು. ರಮಣಬಾಗ್ ಶಾಲೆಯ ಮೈದಾನದಲ್ಲಿ ಕೌದಿ ಹೊದ್ದುಕೊಂಡು ರಾತ್ರಿಯಿಡೀ ಕೂತು, ಬೆಳಗಿನ ರಾಗ ಕೇಳಿಯೇ ಮನೆಗೆ ಬರುತ್ತಿದ್ದರಂತೆ. ನಮ್ಮ ಕಡೆಯವರಿಗೆ ಆ ಉತ್ಸವ ಅಂದರೆ ಬೇರೆಯೇ ಅಭಿಮಾನ. 1953ರಲ್ಲಿ ಭೀಮಸೇನ ಜೋಶಿ ತಮ್ಮ ಗುರು ಸವಾಯಿ ಗಂಧರ್ವರ ನೆನಪಿಗೆ ಶುರು ಮಾಡಿದ್ದು, ಗುರು ಕುಂದಗೋಳದವರು, ಶಿಷ್ಯ ಗದಗಿನವರು. ರಾತ್ರಿ 10ರ ಮೇಲೆ ಲೌಡ್‌ಸ್ಪೀಕರ್ ಬೇಡ ಅನ್ನುವ ನಿಯಮ ಬಂದ ಮೇಲೆ ಆ ಉತ್ಸವವೂ ಬದಲಾಯಿತು, ಮಧ್ಯಾಹ್ನ ಶುರುವಾಗಿ 10ರೊಳಗೆ ಮುಗಿಯುವುದು ರೂಢಿಯಾಯಿತು. ಅಪರೂಪಕ್ಕೆ ಸರ್ಕಾರದ ಅನುಮತಿ ಸಿಕ್ಕ ದಿನ 12ರವರೆಗೆ. "ಆ ರಾತ್ರಿ ಕಛೇರಿ ಹೋದದ್ದಕ್ಕ ನನಗ ಇವತ್ತಿಗೂ ಸಂಕಟ ಐತಿ," ಅಂದರು ಕಾಕು. "ಆದರ ಕಾನೂನು ಅಂದಮ್ಯಾಲ ಎಲ್ಲಾರಿಗೂ ಒಂದ. ನನಗ ಹಾಡು ಬ್ಯಾಡ ಅಂತ ಯಾರ ಹೇಳಿದ್ರು? ನನಗ ನನ್ನ ಬಾಗಿಲ ಮುಂದಿನ ಮೈದಾನ ಬೇಕು."

ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ವಿರೋಧ ಎಲ್ಲೆಲ್ಲಿ ಆಗಿದೆ ಅಂತ ಆಮೇಲೆ ಹುಡುಕಿ ಓದಿದೆ. ದಾದರ್‌ನ ಶಿವಾಜಿ ಪಾರ್ಕ್ ಅನ್ನು 2010ರಲ್ಲಿ ಬಾಂಬೆ ಹೈಕೋರ್ಟ್ ನಿಶ್ಶಬ್ದ ವಲಯ ಅಂತ ಹೇಳಿದ್ದು ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದದ್ದರಿಂದ. 2007ರಲ್ಲಿ ಗೋವಾದ ಕಾಂದೋಳಿಯಲ್ಲಿ ಶುರುವಾದ ಸನ್‌ಬರ್ನ್ ಅನ್ನುವ ಡಾನ್ಸ್ ಮ್ಯೂಸಿಕ್ ಉತ್ಸವ 2016ರಲ್ಲಿ ನಮ್ಮ ಪುಣೆ ಹೊರಗಿನ ಕೇಸ್‌ನಂದ್‌ಗೆ ಬಂತು, ಮತ್ತೆ ಗೋವಾಕ್ಕೆ ಹೋಯಿತು, 2024ರಲ್ಲಿ ಧಾರ್ಗಳ್‌ಗೆ ಹೋದಾಗ ಊರವರು ವಿರೋಧಿಸಿ ವಿಷಯ ಕೋರ್ಟಿಗೆ ಹೋಯಿತು. ಎಲ್ಲಕ್ಕಿಂತ ನನಗೆ ತಾಗಿದ್ದು ಲಂಡನ್ನಿನ ಬ್ರಾಕ್‌ವೆಲ್ ಪಾರ್ಕ್ ಕೇಸು, 2025ರ ಮೇ ತಿಂಗಳದು. ಅಲ್ಲಿ ವರ್ಷಕ್ಕೆ 28 ದಿನದವರೆಗೆ ಜಾಗವನ್ನು ತಾತ್ಕಾಲಿಕವಾಗಿ ಬಳಸಲು ಬೇರೆ ಅನುಮತಿ ಬೇಡ. ಆದರೆ ಸ್ಟೇಜ್ ಕಟ್ಟುವ, ಬಿಚ್ಚುವ ದಿನ ಎಲ್ಲ ಸೇರಿಸಿ ಎಣಿಸಿದರೆ 37 ಆಗುತ್ತಿತ್ತು. ಹೈಕೋರ್ಟ್ ನಿವಾಸಿಗಳ ಪರ ತೀರ್ಪು ಕೊಟ್ಟಿತು. ಉತ್ಸವಗಳು ಆ ವರ್ಷ ನಡೆದವು, ಆದರೂ ಲೆಕ್ಕ ಹೇಗೆ ಹಾಕಬೇಕು ಅನ್ನುವುದು ತೀರ್ಮಾನ ಆಯಿತು. ನಮ್ಮ ಕಾಕು ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಿಂದ ಹಾಕಿದ್ದೂ ಇದೇ ಲೆಕ್ಕ, ಅದೂ ಆ ಕೇಸಿಗಿಂತ ಮೊದಲೇ.

ಎರಡನೇ ವರ್ಷ ಅದೇ ಮೈದಾನ ಸಿಕ್ಕಿತು. ಆ ಸಲ ನಾನು ಹಟ ಮಾಡಿ ಕೆಲವು ಬದಲಾವಣೆ ಮಾಡಿಸಿದೆ. ದೊಡ್ಡ ಲಾರಿಗಳನ್ನು ಊರ ಹೊರಗೆ ನಿಲ್ಲಿಸಿ ಸಾಮಾನನ್ನು ಹಗಲು ಟೆಂಪೋದಲ್ಲಿ ತಂದೆವು. ಹಿಂದಿನ ಗೇಟನ್ನೂ ತೆಗೆಸಿ ಒಂದು ಕಡೆಯಿಂದ ಒಳಗೆ, ಇನ್ನೊಂದು ಕಡೆಯಿಂದ ಹೊರಗೆ ಮಾಡಿದ್ದರಿಂದ ರಿವರ್ಸ್ ಹೊಡೆಯುವುದೇ ತಪ್ಪಿತು. ಖರ್ಚು ಜಾಸ್ತಿ ಆಯಿತು, ಕ್ಲೈಂಟ್ ಹತ್ತಿರ ಮೂರು ಮೀಟಿಂಗ್ ಜಗಳ ಆಡಿದೆ. ತಗಡಿನ ಶೀಟನ್ನು ಟ್ರ್ಯಾಕಿನ ಒಳಬದಿಗೆ ಹಾಕಿದೆವು, ಶೋ ನಡೆದ ಎರಡು ಸಂಜೆ ಬಿಟ್ಟು ಟ್ರ್ಯಾಕ್ ತೆರೆದೇ ಇತ್ತು. ಸ್ಟೇಜನ್ನು ತಿರುಗಿಸಿ ಅದರ ಬೆನ್ನು ಕಾಕು ಅವರ ಸಾಲಿಗೆ ಬರುವಂತೆ ಮಾಡಿದೆವು. ಮೂರು ಸಬ್‌ಗೆ, ಅಂದರೆ ಬೇಸ್ ಹೊಡೆಯುವ ಸ್ಪೀಕರ್‌ಗೆ, ಒಂದನ್ನು ಹಿಂದಕ್ಕೆ ತಿರುಗಿಸಿ ಡಿಲೇ, ಪೊಲಾರಿಟಿ ಹೊಂದಿಸಿದರೆ ಸ್ಟೇಜ್ ಹಿಂದೆ ಹೋಗುವ ಬೇಸ್ ಬಹಳ ಕಡಿಮೆಯಾಗುತ್ತದೆ. ಮೀಟರನ್ನು, ಬೇಸ್ ಅನ್ನು ಅಷ್ಟಾಗಿ ಕಡಿಮೆ ಮಾಡದ ಸಿ ತೂಕಕ್ಕೆ ಹಾಕಿ ಒಬ್ಬ ಹುಡುಗನನ್ನು ಕಾಕು ಅವರ ಬಾಲ್ಕನಿಯಲ್ಲೇ ಕೂರಿಸಿದೆವು. ಕಾಕು ಅವನಿಗೆ ಎರಡು ದಿನವೂ ಚಹಾ, ಚುರುಮುರಿ ಕೊಟ್ಟರು. ಸಹಾಯವಾಣಿ ಫೋನ್ ನನ್ನ ಕೈಯಲ್ಲಿ, ನಾನು ಸೌಂಡ್ ಕನ್ಸೋಲ್ ಪಕ್ಕದಲ್ಲಿ. ಫೋನ್ ಬಂದರೆ ಅಲ್ಲೇ ಇಳಿಸುವುದು. ದಿನ ಹದಿಮೂರು ಇದ್ದದ್ದು ಎಂಟಕ್ಕೆ ಬಂತು. ಡಬ್ಬಿ ಮುಚ್ಚಳ ನಡುಗಲಿಲ್ಲ.

ನನಗೆ ಬಹಳ ಖುಷಿ ಆಗಿತ್ತು. ಕಾಕು ಆದರೂ ಸಹಿ ಸಂಗ್ರಹ ನಿಲ್ಲಿಸಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, ಮಳೆ ಬರಲಿ, ತೋರಿಸುತ್ತೇನೆ ಅಂದರು.

ಜೂನ್ ಕೊನೆಗೆ ಫೋನ್ ಮಾಡಿ ಕರೆದರು. ಮಳೆ ನಿಂತು ಒಂದು ದಿನ ಆಗಿತ್ತು. ಮೈದಾನದ ಬೇರೆ ಕಡೆ ನೀರು ಇಂಗಿತ್ತು, ನಮ್ಮ ಲಾರಿ, ಕ್ರೇನ್ ಓಡಾಡಿದ ಜಾಗದಲ್ಲಿ ಮಾತ್ರ ಎರಡು ಉದ್ದ ಗೆರೆಯಾಗಿ ನಿಂತಿತ್ತು. ಮೊದಲ ವರ್ಷದ ಭಾರಕ್ಕೆ ಕೆಳಗಿನ ಮಣ್ಣು ಗಟ್ಟಿಯಾಗಿ ಕೂತುಬಿಟ್ಟಿದೆ, ನೀರು ಇಳಿಯುವುದಿಲ್ಲ, ಬೇರೂ ಇಳಿಯುವುದಿಲ್ಲ. ಮೇಲೆ ಹುಲ್ಲು ಹಾಕಿಸಿ ಕೊಟ್ಟಿದ್ದೆವು, ಅದು ಆ ಗೆರೆಯಲ್ಲಿ ಹಳದಿಯಾಗಿತ್ತು. ಪಿಚ್ ಪಕ್ಕದಲ್ಲಿ ಕೆಸರಿನಿಂದ ಒಂದು ಹುಡುಗ ನಮ್ಮ ಕಬ್ಬಿಣದ ಗೂಟ ಎಳೆದು ತೆಗೆದು ನನ್ನ ಕೈಗೆ ಕೊಟ್ಟ, ಗೇಣುದ್ದದ್ದು, ತುದಿ ಚೂಪು. ಅಲ್ಲಿ ಬರಿಗಾಲಲ್ಲಿ ಆಡುತ್ತಾರೆ.

ನಮ್ಮ ಡಿಪಾಸಿಟ್ ವಾಪಸ್ ಬಂದದ್ದು ಜನವರಿಯಲ್ಲಿ. ಆಗ ನೆಲ ಒಣಗಿರುತ್ತದೆ, ಮೇಲಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಹಾನಿ ಕಾಣುವುದು ಮಳೆಗಾಲದಲ್ಲಿ. ಡಿಪಾಸಿಟ್ ಮಳೆ ಬರುವ ತನಕ ಹಿಡಿದಿಡಬೇಕು, ಈ ಮಾತನ್ನು ನಾನು ವಾರ್ಡ್ ಆಫೀಸಿಗೆ ಬರೆದೂ ಕೊಟ್ಟೆ. ನಮ್ಮ ಧಂಧೆಯವರು ಕೆಲವರು ನನ್ನ ಮೇಲೆ ಸಿಟ್ಟಾದರು. ಆಗಲಿ. ನಮ್ಮ ಕೆಲಸ ಮುಗಿದಿದೆಯೋ ಇಲ್ಲವೋ ಅಂತ ಹೇಳಬೇಕಾದವರು ಆ ನೆಲದ ಮೇಲೆ ದಿನಾ ನಡೆಯುವವರು.

ಮೂರನೇ ವರ್ಷ ಕ್ಲೈಂಟ್‌ಗೆ ಆ ಮೈದಾನ ಬೇಡ ಅಂತ ನಾನೇ ಹೇಳಿದೆ. ಈಗ ಶೋ ಊರ ಹೊರಗಿನ ಖಾಸಗಿ ಜಾಗದಲ್ಲಿ ಆಗುತ್ತದೆ, ಅಲ್ಲಿಯೂ ಅಕ್ಕಪಕ್ಕ ದನದ ಕೊಟ್ಟಿಗೆಗಳಿವೆ, ಹೊಲಗಳಿವೆ, ಅಲ್ಲಿನ ಮಾತೇ ಬೇರೆ, ಇನ್ನೊಂದು ಸಲ ಬರೆಯುತ್ತೇನೆ. ಹೊಸ ಜಾಗ ನೋಡಲು ಈಗ ಬೆಳಿಗ್ಗೆ ಐದೂವರೆಗೆ ಹೋಗುತ್ತೇನೆ. ಅಪ್ಲಿಕೇಶನ್‌ನಲ್ಲಿ ಮೊದಲ ಲಾರಿಯಿಂದ ಕೊನೆಯ ಗೂಟದವರೆಗಿನ ದಿನ ಬರೆಯುತ್ತೇನೆ. ಬಿಚ್ಚಿದ ಮೇಲೆ ಹುಡುಗರು ಸಾಲಾಗಿ ನಿಂತು ಹಗ್ಗಕ್ಕೆ ಕಟ್ಟಿದ ದೊಡ್ಡ ಅಯಸ್ಕಾಂತ ಎಳೆಯುತ್ತಾ ಇಡೀ ನೆಲ ಗುಡಿಸುತ್ತಾರೆ, ಕಳೆದ ಸಲ ಒಂದು ಬಕೆಟ್ ಮೊಳೆ, ಸ್ಕ್ರೂ ಸಿಕ್ಕಿದವು.

ಹೋದ ತಿಂಗಳು ಆ ಕಡೆ ಕೆಲಸ ಇತ್ತು, ಕಾಕು ಮನೆಗೆ ಹೋಗಿ ಬಂದೆ. ಬಾಲ್ಕನಿಯಿಂದ ಇಬ್ಬರೂ ಕೆಳಗೆ ನೋಡಿದೆವು. ವಾಕರ್ ಹಿಡಿದ ಅಜ್ಜ ಟ್ರ್ಯಾಕಿನಲ್ಲಿದ್ದರು. ಎರಡು ಗೆರೆಯಲ್ಲಿ ಒಂದು ತುಂಬಿ ಹುಲ್ಲು ಬಂದಿದೆ. ಇನ್ನೊಂದರಲ್ಲಿ ಈ ಮಳೆಗಾಲವೂ ನೀರು ನಿಂತಿತ್ತಂತೆ.